ಕಾರಿನ ಕಾಲದವರು

"ಕನ್ನಡಕ ತೆಗಿ. ಹೊಸದು ಅಂತ ಅಷ್ಟು ದೂರದಿಂದಲೇ ಗೊತ್ತಾಗುತ್ತೆ," ಎಂದ ಗಂಡ.

ಸೊಸೆ ಅತ್ತೆಯ ಮುಖದಿಂದ ಕನ್ನಡಕ ತೆಗೆದಳು. ಪ್ರದರ್ಶನದ ಮೈದಾನದಲ್ಲಿ ನಿಲ್ಲಿಸಿದ್ದ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ಕಣ್ಣು ಕಿರಿದು ಮಾಡಿಕೊಂಡು, ಮೂಗಿನ ಮೇಲೆ ಉಳಿದ ಎರಡು ಗುಳಿಗಳನ್ನು ಮುಟ್ಟಿ ನೋಡಿಕೊಂಡರು. ಗಂಡ ಹಳೇ ಪೆಟ್ಟಿಗೆಯಿಂದ ಹುಡುಕಿ ತಂದಿದ್ದ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಅದರ ಜಾಗಕ್ಕೆ ಬಂತು. ಅದೂ ಅತ್ತೆಯದೇ, ಅವರ ಯೌವನದ್ದು. ಈಗಿನ ಕಣ್ಣಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

"ಕಿವಿಯದೂ ತೆಗಿ."

"ರೀ, ಅದಿಲ್ಲದೆ ಅವರಿಗೆ ಏನೂ ಕೇಳಿಸಲ್ಲ."

"ಕೇಳಿಸ್ಕೊಂಡು ಏನಾಗ್ಬೇಕು? ಕೂತಿದ್ರೆ ಸಾಕು."

ಕಿವಿಯ ಯಂತ್ರ ಸೊಸೆಯ ಚೀಲಕ್ಕೆ ಹೋಯಿತು. ಮೆತ್ತನೆಯ ರಬ್ಬರ್ ಚಪ್ಪಲಿ ಹೋಗಿ ಚೂಪು ಮೂತಿಯ ತೊಗಲಿನ ಬೂಟು ಬಂತು. ಊದಿದ ಪಾದವನ್ನು ಅದರೊಳಗೆ ತುರುಕುವಾಗ ಅತ್ತೆ ಸೊಸೆಯ ಭುಜ ಹಿಡಿದು ಹಲ್ಲು ಕಚ್ಚಿದರೇ ಹೊರತು ಪಾದ ಎಳೆದುಕೊಳ್ಳಲಿಲ್ಲ. ಸೊಸೆ ಮಾಡಿದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ ಎಂಬುದು ಅವರ ನಂಬಿಕೆ. ನಡೆಯಲು ಆಸರೆಯಾಗಿದ್ದ ನಾಲ್ಕು ಕಾಲಿನ ಕೋಲನ್ನು ಗಂಡ ಮಡಿಸಿ ಡಿಕ್ಕಿಯೊಳಗೆ ಹಾಕಿ ಬೀಗ ಜಡಿದ.

ಹಳೇ ಕಾರುಗಳ ಸಂಘದಲ್ಲಿ ಈ ಗಂಡನನ್ನು ಎಲ್ಲರೂ ಪಾಲಿಷ್ ಎಂದೇ ಕರೆಯುತ್ತಿದ್ದರು. ಹೆಗಲ ಮೇಲೆ ಸದಾ ಒಂದು ಹಳದಿ ಬಟ್ಟೆ, ಕಣ್ಣು ಸದಾ ಬಂಪರಿನ ಮೇಲೆ. ಆದರೆ ಪ್ರದರ್ಶನದಲ್ಲಿ ಬರೀ ಕಾರು ತಂದು ನಿಲ್ಲಿಸಿದರೆ ಯಾರೂ ಮೂಸಿ ನೋಡುವುದಿಲ್ಲ. ಜೊತೆಗೆ ಆ ಕಾಲದ ಸಾಮಾನೂ ಇಡಬೇಕು. ಬೆತ್ತದ ಬುಟ್ಟಿ, ತೊಗಲಿನ ಪೆಟ್ಟಿಗೆ, ಪೆಟ್ರೋಲಿನ ತಗಡು ಡಬ್ಬ, ಕಾಲಲ್ಲಿ ತುಳಿಯುವ ಗಾಳಿ ಪಂಪು. ಅದಕ್ಕೆ ಬೇರೆಯೇ ಅಂಕ. ಇಟ್ಟ ಸಾಮಾನು ಕಾರಿಗಿಂತ ಒಂದು ವರ್ಷ ಚಿಕ್ಕದಾದರೂ ಅಂಕಕ್ಕೆ ಕತ್ತರಿ. ಹೋದ ಸಲ ಪಾಲಿಷ್ ಇಟ್ಟಿದ್ದ ಫ್ಲಾಸ್ಕಿನ ಮುಚ್ಚಳವನ್ನು ತೀರ್ಪುಗಾರರು ಉಗುರಿನಿಂದ ತಟ್ಟಿ, "ಪ್ಲಾಸ್ಟಿಕ್," ಎಂದು ಮುಂದೆ ಹೋಗಿದ್ದರು. ಕಪ್ ಸಂಘದಲ್ಲೇ ಇದ್ದ ದಂತವೈದ್ಯರೊಬ್ಬರ ಪಾಲಾಯಿತು. ಮನೆಗೆ ಬಂದವನೇ ಪಾಲಿಷ್ ಆ ಫ್ಲಾಸ್ಕನ್ನು ಗೋಡೆಗೆ ಬಡಿದ. ಗಾಜು ಗುಡಿಸಿದವಳು ಹೆಂಡತಿ.

ಅವತ್ತು ಊಟದ ಹೊತ್ತಿಗೇ ಅವನಿಗೆ ಈ ಯೋಚನೆ ಹೊಳೆದದ್ದು. "ಅಮ್ಮ ಇದ್ದಾಳಲ್ಲ. ಅಪ್ಪ ಈ ಕಾರು ತಂದ ದಿನ ಇದರಲ್ಲೇ ಕೂತು ಬಂದವಳು. ಅವಳಿಗಿಂತ ಒರಿಜಿನಲ್ ಏನಿದೆ? ಒಂದು ಪಾರ್ಟೂ ಬದಲಾಗಿಲ್ಲ."

"ಸೊಂಟದಲ್ಲಿ ಸ್ಟೀಲಿನ ರಾಡ್ ಇದೆ," ಎಂದಳು ಹೆಂಡತಿ.

"ಹೊರಗೆ ಕಾಣಲ್ಲ ಬಿಡು."

ಮನೆಯಿಂದ ಹೊರಗೇ ಬೀಳದ ಮುದಿ ಜೀವ, ಒಂದು ದಿನ ಗಾಳಿ ಬೆಳಕು ಕಾಣಲಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹಾಗೆ ಹೇಳಿಕೊಳ್ಳುವುದು ಸುಲಭವಾಗಿತ್ತು. ಗಂಡನೊಡನೆ ಜಗಳವಾಡುವುದು ಸುಲಭವಾಗಿರಲಿಲ್ಲ.

ಮಾವ ತೀರಿಕೊಂಡು ವರ್ಷಗಳೇ ಆಗಿದ್ದವು. ಅವರ ಹಿಂದೆಯೇ ಅತ್ತೆಯ ನೆನಪೂ ಒಂದೊಂದಾಗಿ ಹೊರಟುಹೋಯಿತು. ಉಳಿದದ್ದು ಒಂದೇ ಪ್ರಶ್ನೆ: "ಅವರು ಬಂದ್ರಾ?" ಒಮ್ಮೆ ನೋಡಲು ಬಂದ ನೆಂಟರೊಬ್ಬರು ಬಾಯಿ ತಪ್ಪಿ ನಿಜ ಹೇಳಿಬಿಟ್ಟಿದ್ದರು. ಅತ್ತೆ ಆಗಷ್ಟೇ ಗಂಡನನ್ನು ಕಳೆದುಕೊಂಡವರಂತೆ ಗೋಳಾಡಿದರು. ಸ್ವಲ್ಪ ಹೊತ್ತಿಗೆ ಸುದ್ದಿ ಮರೆತುಹೋಯಿತು, ಸಂಕಟ ಮರೆಯಲಿಲ್ಲ. ಯಾಕೆ ಎಂದು ತಿಳಿಯದೆಯೇ ದಿನಗಟ್ಟಲೆ ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಂದಿನಿಂದ ಮನೆಯಲ್ಲಿ ಒಂದೇ ಉತ್ತರ. ಸೊಸೆಯೇ ತಡಕಾಡಿ ಕಂಡುಕೊಂಡದ್ದು: "ಟೈರಿಗೆ ಗಾಳಿ ಹಾಕ್ಸೋಕೆ ಹೋಗಿದಾರೆ ಅತ್ತೆ, ಬರ್ತಾರೆ." ಮಾವನಿಗೆ ಟೈರಿನ ಗಾಳಿಯ ಹುಚ್ಚು ಇದ್ದದ್ದು ನಿಜ. ಅತ್ತೆ ತಲೆಯಾಡಿಸಿ, "ಅವರ ಹಣೆಬರಹವೇ ಇಷ್ಟು," ಎಂದು ನಕ್ಕು ಸುಮ್ಮನಾಗುತ್ತಿದ್ದರು. ದಿನಕ್ಕೆ ಎಷ್ಟು ಸಲ ಕೇಳಿದರೂ ಅದೇ ಉತ್ತರ, ಅದೇ ನಗು. ಆ ನಗುವಿಗಾಗಿಯೇ ಸೊಸೆ ಆ ಮನೆಯಲ್ಲಿ ಬಾಳುತ್ತಿದ್ದಳು ಎಂದರೂ ತಪ್ಪಿಲ್ಲ.

ಬಿಸಿಲೇರುತ್ತಿದ್ದಂತೆ ಮೈದಾನ ತುಂಬಿತು. ಪಾಲಿಷ್ ಅಪ್ಪನ ಕಂದು ಕೋಟು, ಅಪ್ಪನ ಚಪ್ಪಟೆ ಟೋಪಿ ಹಾಕಿಕೊಂಡು ಬಾನೆಟ್ಟಿನ ಪಕ್ಕ ನಿಂತ. ಕಿಟಕಿಯ ಕೆಳಗೆ ಒಂದು ಹಲಗೆ: 'ಈ ಕಾರಿನ ಮೊದಲ ಪ್ರಯಾಣಿಕರು.' ಜನ ಬಗ್ಗಿ ನೋಡಿದರು, ಫೋಟೊ ತೆಗೆದರು. ಒಬ್ಬಳು ಕಿಟಕಿಯೊಳಗೆ ಕೈ ಹಾಕಿ ಅತ್ತೆಯ ಉಣ್ಣೆಯ ಕೋಟಿನ ಕಾಲರು ಹಿಡಿದು, "ಇದೂ ಆಗಿಂದೇನಾ?" ಎಂದು ಪಾಲಿಷ್‌ನನ್ನು ಕೇಳಿದಳು. "ಎಲ್ಲಾ ಆಗಿಂದೇ," ಎಂದ ಅವನು. ಅತ್ತೆ ಮಂಜು ಮಂಜಾದ ಮುಖಗಳ ಕಡೆಗೆ ತಿರುಗಿ, "ಅವರು ಬಂದ್ರಾ?" ಎಂದರು. ಜನ ಮೆಚ್ಚಿ ನಕ್ಕರು. ಸೊಸೆ ಉತ್ತರ ಹೇಳಿದಳು, ಅತ್ತೆಗೆ ಕೇಳಿಸಲಿಲ್ಲ. ಕೊನೆಗೆ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಬೇಕಾಯಿತು. ನಡುವೆ ಒಮ್ಮೆ ಅತ್ತೆ ಅವಳ ಸೆರಗು ಜಗ್ಗಿ ಬಚ್ಚಲಿಗೆ ಹೋಗಬೇಕು ಎಂದು ಸನ್ನೆ ಮಾಡಿದರು.

"ಈಗ ಬೇಡ. ತೀರ್ಪುಗಾರರು ಎರಡನೇ ಸಾಲಿಗೆ ಬಂದಾಯ್ತು," ಎಂದ ಪಾಲಿಷ್.

ಎರಡನೇ ಸಾಲಿನಲ್ಲಿ ದಂತವೈದ್ಯರ ಕಾರಿತ್ತು. ಅವರು ಈ ಸಲ ಬಟ್ಟೆ ಅಂಗಡಿಯ ಹಳೇ ಗೊಂಬೆಯೊಂದನ್ನು ತಂದು, ಟೋಪಿ ಇಟ್ಟು, ಛತ್ರಿ ಕೊಟ್ಟು ನಿಲ್ಲಿಸಿದ್ದರು. ಮೂವರು ತೀರ್ಪುಗಾರರು ಅದರ ಸುತ್ತ ಸುತ್ತಿದರು, ಛತ್ರಿಯ ಹಿಡಿ ತಿರುಗಿಸಿ ನೋಡಿದರು, ಬರೆದುಕೊಂಡೇ ಬರೆದುಕೊಂಡರು. ಪಾಲಿಷ್‌ನ ಮುಖ ಹುಳ್ಳಗಾಯಿತು.

ಅವರು ಈ ಕಡೆ ಬರುವ ಹೊತ್ತಿಗೆ ಅತ್ತೆ ಸೋತು ತಲೆ ತಗ್ಗಿಸಿ ಕೂತಿದ್ದರು. ತೀರ್ಪುಗಾರ್ತಿ ಕಿಟಕಿಯಲ್ಲಿ ಇಣುಕಿ, "ಮಾತಾಡ್ತಾರಾ ಇವರು?" ಎಂದರು.

"ಚೆನ್ನಾಗಿ ಮಾತಾಡ್ತಾರೆ. ಅಮ್ಮ, ಅಪ್ಪನ ವಿಷಯ ಹೇಳಮ್ಮ." ಅವನು ಬಗ್ಗಿ ಕಿವಿಯಲ್ಲಿ ಕೂಗಿದ, "ಅಪ್ಪ."

ಅತ್ತೆ ತಲೆಯೆತ್ತಿದರು. "ಟೈರಿಗೆ ಗಾಳಿ ಹಾಕ್ಸೋಕೆ ಹೋಗಿದಾರಂತೆ. ಬರ್ತಾರೆ."

ತೀರ್ಪುಗಾರ್ತಿ ಮುಗುಳ್ನಕ್ಕರು. ಉಳಿದಿಬ್ಬರು ಆಗಲೇ ಮುಂದಿನ ಕಾರಿನತ್ತ ನೋಡುತ್ತಿದ್ದರು. ಒಬ್ಬ ಪೆನ್ನಿನ ಮುಚ್ಚಳ ಹಾಕಿದ. ಪಾಲಿಷ್ ಆ ಪೆನ್ನನ್ನು ನೋಡಿದ, ದಂತವೈದ್ಯರ ಗೊಂಬೆಯನ್ನು ನೋಡಿದ, ಆಮೇಲೆ ಅಮ್ಮನ ಕಡೆ ತಿರುಗಿದ. ಆ ತಿರುಗುವಿಕೆಯಲ್ಲೇ ಹೆಂಡತಿಗೆ ಎಲ್ಲ ತಿಳಿಯಿತು.

"ಬೇಡ ರೀ," ಎಂದಳು. ಅಷ್ಟೇ ಎಂದಳು. ಅವನ ಬಾಯಿ ಮುಚ್ಚಬಹುದಿತ್ತು, ನಡುವೆ ನಿಲ್ಲಬಹುದಿತ್ತು. ಅಷ್ಟು ಜನರ ಎದುರು ಅವಳಿಗೆ ಕಾಲೇ ಬರಲಿಲ್ಲ.

"ಅಪ್ಪ ಇಲ್ಲಮ್ಮ," ಎಂದು ಮಗ ಕೂಗಿದ. ಯಂತ್ರವಿಲ್ಲದ ಕಿವಿಗೆ ಮುಟ್ಟಬೇಕಲ್ಲ, ಸಾಲಿಗೆ ಸಾಲೇ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ. "ಸತ್ತುಹೋದ್ರು. ಇದೇ ಸೀಟಲ್ಲಿ, ನಿನ್ನ ತೊಡೆ ಮೇಲೆ. ಆಸ್ಪತ್ರೆ ಮುಟ್ಟೋಕೆ ಮುಂಚೆ. ನೆನಪಿಲ್ವಾ?"

ಅತ್ತೆ ತಮ್ಮ ತೊಡೆಯನ್ನು ನೋಡಿಕೊಂಡರು. ಅಂಗೈಯಿಂದ ಅದನ್ನು ಸವರಿದರು. ಆಮೇಲೆ ಬಂದ ಕೂಗಿಗೆ ಮುಂದಿನ ಕಾರಿನ ಬಳಿ ನಗುತ್ತಿದ್ದವರು ಸುಮ್ಮನಾದರು. ತೀರ್ಪುಗಾರ್ತಿ ಕಣ್ಣು ಒರೆಸಿಕೊಂಡರು. ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

ಸೊಸೆ ಬಾಗಿಲು ತೆಗೆದು ಒಳಗೆ ನುಗ್ಗಿ ಅತ್ತೆಯನ್ನು ತಬ್ಬಿಕೊಳ್ಳಲು ಹೋದಳು. ಅತ್ತೆ ಅವಳ ಕೈ ತಳ್ಳಿದರು. "ಗಾಳಿ ಹಾಕ್ಸೋಕೆ ಹೋಗಿದಾರೆ ಅಂದಿದ್ದೆಯಲ್ಲೇ," ಎಂದರು. "ನೀನೇ ಅಂದಿದ್ದೆಯಲ್ಲೇ." ಸೀಟು ಒದ್ದೆಯಾಗಿತ್ತು. ಸೊಸೆ ತನ್ನ ಶಾಲು ಸುತ್ತಿ ಅದನ್ನು ಮುಚ್ಚಿದಳು.

ಕಪ್ ಪಾಲಿಷ್‌ಗೆ ಬಂತು. ದಂತವೈದ್ಯರು ಬಂದು ಕೈಕುಲುಕಿ, "ನಿಮ್ಮ ಜೊತೆ ಪೈಪೋಟಿ ಆಗಲ್ಲಪ್ಪ. ನಮ್ಮಮ್ಮ ಹೋಗಿಬಿಟ್ರು," ಎಂದರು. ಇಬ್ಬರೂ ನಕ್ಕರು.

ಸಂಜೆ ಮನೆಯ ಕಡೆ ಹೊರಟಾಗ ಅತ್ತೆಯ ಕಿವಿಗೆ ಯಂತ್ರ ಬಂದಿತ್ತು, ಮೂಗಿಗೆ ಹೊಸ ಕನ್ನಡಕ ಬಂದಿತ್ತು. ಸಾವಿನ ಸುದ್ದಿ ಎಂದಿನಂತೆ ಮರೆತುಹೋಗಿತ್ತು. "ಅವರು ಬಂದ್ರಾ?" ಎಂದು ಕೇಳಿದರು.

"ಟೈರಿಗೆ ಗಾಳಿ ಹಾಕ್ಸೋಕೆ ಹೋಗಿದಾರೆ ಅತ್ತೆ, ಬರ್ತಾರೆ."

ಅತ್ತೆ ನಗಲಿಲ್ಲ. ಸೊಸೆಯ ಮುಖವನ್ನು ತುಂಬಾ ಹೊತ್ತು ನೋಡಿದರು. ಯಾಕೆ ನಂಬಬಾರದು ಎಂಬುದು ಅವರಿಗೆ ಗೊತ್ತಿರಲಿಲ್ಲ, ನಂಬಬಾರದು ಎಂಬುದಷ್ಟೇ ಗೊತ್ತಿತ್ತು. ಸೊಸೆಯ ಕೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಎಳೆದುಕೊಂಡು ಕಿಟಕಿಯ ಕಡೆಗೆ ಸರಿದು ಕೂತರು. ಸೊಸೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ಒಂದು ಮಾತೂ ಹೋಯಿತು.

"ಮುಂದಿನ ತಿಂಗಳು ಇನ್ನೊಂದು ಷೋ ಇದೆ," ಎಂದ ಪಾಲಿಷ್ ಸ್ಟೀರಿಂಗ್ ಹಿಡಿದುಕೊಂಡೇ. "ಇವತ್ತಿನ ಹಾಗೇ ಮಾಡಿದ್ರೆ ಸಾಕು. ಹೇಗೂ ಅವಳಿಗೆ ನೆನಪಿರಲ್ಲ."

ಅವನು ಪೆಟ್ರೋಲ್ ಬಂಕಿನೊಳಗೆ ಕಾರು ತಿರುಗಿಸಿ, ಇಳಿದು, ಗಾಳಿಯ ಪೈಪು ಎಳೆದುಕೊಂಡು ಮುಂದಿನ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕೂತ. ಕಂದು ಕೋಟಿನ ಬೆನ್ನು, ಚಪ್ಪಟೆ ಟೋಪಿ, ಚಕ್ರದ ಮೇಲೆ ಬಾಗಿದ ಕತ್ತು. ಬಂಕಿನ ದೀಪ ಅವನ ಮೇಲೆ ಬೀಳುತ್ತಿತ್ತು.

ಅತ್ತೆ ಕಿಟಕಿಗೆ ಮುಖ ಹಚ್ಚಿದರು. ಮುಖ ಅರಳಿತು. "ಅಯ್ಯೋ, ಇಲ್ಲೇ ಇದಾರಲ್ಲೇ," ಎಂದರು. ಸೊಸೆಯ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡರು. "ನೀನು ಹೇಳಿದ್ದೇ ನಿಜ ಕಣೆ. ಸುಮ್ನೆ ನಿನ್ನ ಮೇಲೆ ಮುನಿಸ್ಕೊಂಡೆ." ಸೊಸೆಯ ಪಕ್ಕಕ್ಕೆ ಒತ್ತರಿಸಿ, ಬಾಗಿಲ ಕಡೆಗೆ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಕೂದಲು ನೇವರಿಸಿಕೊಂಡರು.

ಗಾಳಿ ತುಂಬಿ ಅವನು ಎದ್ದು ಇತ್ತ ತಿರುಗಿದ. ಟೋಪಿ ತೆಗೆದು ಹಣೆ ಒರೆಸಿಕೊಂಡ. ಮುಂದಿನ ಸೀಟಿನಿಂದ ಕಪ್ ಎತ್ತಿಕೊಂಡು, ಅಮ್ಮನ ತೊಡೆಯ ಮೇಲಿಡಲೆಂದು ಹಿಂದಿನ ಬಾಗಿಲ ಕಡೆ ಬಂದ.

ಅತ್ತೆ ಆ ಮುಖವನ್ನು ನೋಡಿದರು. ಕೈ ಚಾಚಿ, ಬಾಗಿಲಿನ ಮೇಲಿದ್ದ ಬೀಗದ ಪುಟ್ಟ ಗುಬಟನ್ನು ಬೆರಳಿನಿಂದ ಒಳಗೆ ಒತ್ತಿದರು.

ಹೊರಗಿನಿಂದ ಹಿಡಿ ಜಗ್ಗಿದ ಸದ್ದಾಯಿತು. "ಬಾಗಿಲು ತೆಗಿ," ಎಂದ ಅವನು. ಮತ್ತೆ ಜಗ್ಗಿದ. ಗಾಜಿಗೆ ಕಪ್‌ನ ಅಂಚು ತಾಗಿಸಿ ತಟ್ಟಿ, ಈ ಸಲ ಹೆಂಡತಿಯನ್ನು ನೋಡುತ್ತ ಹೇಳಿದ, "ತೆಗಿಯೇ, ಲಾಕ್ ಆಗಿದೆ."

ಗುಬಟು ಅವಳ ಕೈಗೆಟುಕುವಷ್ಟೇ ದೂರದಲ್ಲಿತ್ತು. ಅತ್ತೆಯ ಬೆರಳು ಇನ್ನೂ ಅದರ ಮೇಲೇ ಇತ್ತು. ಸೊಸೆ ತನ್ನ ಬೆರಳನ್ನು ಆ ಬೆರಳಿನ ಮೇಲಿಟ್ಟು ಒತ್ತಿ ಹಿಡಿದುಕೊಂಡಳು.