ಕಾರಕೂನರು ಕೂಡಿಸಿದ ಮಂದಿ

ಹಾನಗಲ್ಲಿನ ಮಹಾಲಿಂಗಪ್ಪ ಕಾರಕೂನರು ಯಾರ ಮನೆಗೆ ಹೋದರೂ ಹೊಸ್ತಿಲಾಚೆ ಅಡ್ಡಾದಿಡ್ಡಿ ಬಿದ್ದ ಚಪ್ಪಲಿಗಳ ಮುಂದೆ ಮೊದಲು ಬಗ್ಗುತ್ತಿದ್ದರು. ಜೋಡಿಗೆ ಜೋಡಿ ಕೂಡಿಸಿ, ಮೂತಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟು, "ಈಗ ಬಂದೆ ನೋಡ್ರಿ" ಎನ್ನುತ್ತ ಒಳಗೆ ಅಡಿಯಿಡುವರು. ಮಾಮಲೇದಾರ ಕಚೇರಿಯಿಂದ ನಿವೃತ್ತರಾಗಿ ಪಿಂಚಣಿಯ ಮೇಲೆ ಬದುಕುತ್ತಿದ್ದರೂ ಕಪ್ಪು ಕೋಟನ್ನು ಬಿಟ್ಟವರಲ್ಲ. ಸುಡುಬಿಸಿಲಿನಲ್ಲೂ ಅದರ ಗುಂಡಿ ಗಂಟಲವರೆಗೆ ಬಿಗಿದಿರಬೇಕು. ಎಮ್ಮೆಯೊಂದೂ ಸುಳಿಯದ ಓಣಿಯಲ್ಲೂ ಎಡಬದಿ ಹಿಡಿದೇ ನಡೆಯುವರು. ಸರ್ಕಾರಿ ಟೊಪ್ಪಿಗೆ ಕಂಡರೆ, ಅದರ ಕೆಳಗಿನ ತಲೆ ಯಾವುದೇ ಇರಲಿ, ಎದ್ದು ನಿಲ್ಲುವರು. ಇಂಥ ಶಿಸ್ತಿನ ಮನುಷ್ಯನಿಗೆ ದೊಂಬಿಯ ಕಥೆಯ ಹುಚ್ಚು ಹೇಗೆ ಹಿಡಿಯಿತೋ ಎಂಬುದೇ ಊರಿಗೆ ಸೋಜಿಗ.

ರಟ್ಟು ಹೋದ ಹಳೆಯ ಕಾದಂಬರಿಯೊಂದು ಅವರಲ್ಲಿತ್ತು. ಬರಗಾಲದಲ್ಲಿ ಹಸಿದ ಊರು, ದೊರೆಯ ಅಪ್ಪಣೆಯಿಲ್ಲದೆ ಕಣಜದ ಬಾಗಿಲು ತೆರೆಯೆನೆಂದು ಕೂತ ಕಿಲ್ಲೇದಾರ, ಒಡೆದೇ ತೀರುತ್ತೇವೆಂದು ನಿಂತ ಮಂದಿ. ಶ್ರಾವಣದಲ್ಲಿ ಮಠದೊಳಗೆ ಪುರಾಣ ನಡೆಯುವಂತೆ ಇವರ ಪಡಸಾಲೆಯಲ್ಲಿ ವರ್ಷವರ್ಷವೂ ಸಂಜೆಗೆ ಇದರ ಓದು. ಮಡದಿ ವೀರವ್ವ ಇದನ್ನೂ ಪುರಾಣವೆಂದೇ ನಂಬಿ ಹೊತ್ತಿಗೆಗೆ ವಿಭೂತಿ ಹಚ್ಚುವಳು. ದರ್ಜಿ ಖಲಂದರ ಮಂಗಳದ ದಿನ ಸಕ್ಕರೆ ತರುವನು. ಪುರಾಣವೆಂದ ಮೇಲೆ ಅದರ ಕಟ್ಟಳೆಯೂ ಬಂತಲ್ಲ: ಕಥೆಯೊಳಗೆ ಯಾರಾದರೂ ಸಂಕಟದಲ್ಲಿರುವಾಗ ಓದು ನಿಲ್ಲಿಸುವಂತಿಲ್ಲ, ಓದಲು ಹಚ್ಚಿದ್ದನ್ನು ಮಂಗಳಕ್ಕೆ ಮುಟ್ಟಿಸದೆ ಬಿಡುವಂತಿಲ್ಲ. ಕೊನೆ ಎಲ್ಲರಿಗೂ ಬಾಯಿಪಾಠ. ಆದರೂ ಜಗಳ ಮಾತ್ರ ಪ್ರತಿವರ್ಷ ಹೊಸದು.

"ಹಸಿದ ಹೊಟ್ಟಿ ಹುಕುಂ ಕಾಯತೈತೇನ್ರಿ?" ಎಂದು ಖಲಂದರ.

"ಹುಕುಂ ಇಲ್ಲದ ತಗದ ಬಾಗಲಾ ನಾಳಿ ಹಾಕಾವ್ರು ಯಾರೋ?" ಎಂದು ಇವರು.

ನಲವತ್ತೆರಡರ ಶ್ರಾವಣ ಬೇರೆಯೇ ಆಗಿ ಬಂತು. ಚಲೇಜಾವ್ ಚಳವಳಿಯವರು ತಂತಿ ಕಡಿದರು. ಐವರಿಗಿಂತ ಹೆಚ್ಚು ಮಂದಿ ಒಂದೆಡೆ ಕೂಡಬಾರದೆಂದು ಸರ್ಕಾರ ಡಂಗುರ ಹೊಡೆಸಿತು. ಮಹಾಲಿಂಗಪ್ಪನವರು ತಮ್ಮನ್ನೂ ಮಡದಿಯನ್ನೂ ಲೆಕ್ಕಕ್ಕೆ ಹಿಡಿದು ಇನ್ನು ಮೂವರನ್ನಷ್ಟೇ ಒಳಗೆ ಕೂರಿಸಿ, ಉಳಿದವರನ್ನು ಕೈಮುಗಿದು ಕಳಿಸತೊಡಗಿದರು. ಪಿಂಚಣಿ ಹೋದರೆ ಇಬ್ಬರು ಮುದುಕರ ಒಲೆ ಆರುವುದೊಂದು. ಜನ್ಮವಿಡೀ ಕಾಪಾಡಿದ ಹೆಸರಿಗೆ ಮಸಿ ಹತ್ತುವುದು ಇನ್ನೊಂದು.

ಆದರೆ ಮಂಗಳದ ಸಂಜೆ ಯಾರೂ ಜಗ್ಗಲಿಲ್ಲ. ಪಡಸಾಲೆ ತುಂಬಿ ಅಂಗಳಕ್ಕೂ ಮಂದಿ. ಕಥೆಯಲ್ಲಿ, ಹಿಡಿ ಕಾಳಿಗಾಗಿ ಕಿಂಡಿಯಿಂದ ಕಣಜಕ್ಕಿಳಿದ ಬಡವಿಯೊಬ್ಬಳು ಉಸಿರುಕಟ್ಟಿ ಕೂಗುತ್ತಿದ್ದಳು.

"ಆ ಹೆಣ್ಣಮಗಳನ್ನ ಒಳಗ ಬಿಟ್ಟು ಮನಿಗೆ ಹೋಗ್ರಿ ಅಂತ ಯಾವ ಬಾಯಿಲೆ ಹೇಳ್ತೀರಿ?" ವೀರವ್ವ ಗಂಡನನ್ನೇ ಜಬರಿಸಿದಳು.

ಅತ್ತ ಸರ್ಕಾರದ ಕಟ್ಟಳೆ, ಇತ್ತ ಪುರಾಣದ ಕಟ್ಟಳೆ. ಪಾಪ, ಮನುಷ್ಯ ಬೆವತುಹೋದರು. ಆ ಕೋಟಿನೊಳಗೆ ಏನೇನು ನಡೆಯಿತೋ ಯಾರು ಬಲ್ಲರು! ಕಡೆಗೆ ಕನ್ನಡಕ ಏರಿಸಿ ಓದತೊಡಗಿದರು.

ಅಷ್ಟರಲ್ಲಿ ಹವಾಲ್ದಾರ ಬಂದ. ಮಹಾಲಿಂಗಪ್ಪನವರು, ನೀವು ನಂಬಲಿಕ್ಕಿಲ್ಲ, ಏಳಲಿಲ್ಲ.

"ಎಷ್ಟು ಮಂದಿ ಕುಂತಾರ, ಗೊತ್ತೈತೇನ್ರಿ?"

"ಗೊತ್ತೈತ್ರಿ. ಕೂಡಿಸಿದಾಂವ ನಾನ. ನನ್ನ ಹೆಸರು ಬರಕೋರಿ, ಇವರದು ಬ್ಯಾಡ. ಓದು ಮುಗಿಯೂತನಕ ನೀವೂ ಕೂಡ್ರಿ."

ಹವಾಲ್ದಾರ ಹೆಸರು ಬರೆದುಕೊಂಡ. ಆಮೇಲೆ ಯಾಕೋ ಕಂಬಕ್ಕೊರಗಿ ಕೂತೇಬಿಟ್ಟ. ಕಥೆಯಲ್ಲಿ ಕಿಲ್ಲೇದಾರ ಕೀಲಿಕೈ ಬಿಡದೆ ಸತ್ತ. ಮಂದಿ ಬಾಗಿಲು ಒಡೆಯುವಷ್ಟರಲ್ಲಿ ಒಳಗಿನ ಕೂಗು ನಿಂತಿತ್ತು. ಕೊನೆಯ ಪುಟದಲ್ಲಿ ಮಳೆ ಬಂದು, ಹೇಗೋ ಮಂಗಳವಾಯಿತು.

ಖಲಂದರ ಸಕ್ಕರೆ ಹಿಡಿದು ಎಂದಿನ ಜಗಳಕ್ಕೆ ಎದ್ದು ನಿಂತ. ಮಹಾಲಿಂಗಪ್ಪನವರು ಹೊತ್ತಿಗೆ ಮುಚ್ಚಿ, "ಕಿಲ್ಲೇದಾರ ಬಾಗಲಾ ತಗೀಬೇಕಿತ್ತೋ ಖಲಂದರ. ಹುಕುಂ ಇಲ್ಲದನ ತಗದು, ಮರುದಿವಸ ತಾನ ಹೋಗಿ ಶಿಕ್ಷಾ ತಗೋಬೇಕಿತ್ತು" ಎಂದರು. ಖಲಂದರ ಜಗಳ ಬಿಟ್ಟು ಸಕ್ಕರೆ ಹಂಚತೊಡಗಿದ.

ಪಿಂಚಣಿ ನಿಂತಿತು. ಬಿಡಿಸಿಕೊಡಿರೆಂದು ಅವರು ಯಾರ ಬಾಗಿಲಿಗೂ ಹೋಗಲಿಲ್ಲ. ಇಂಥವರನ್ನು ಕಟ್ಟಳೆಯ ಗುಲಾಮರೆಂದು ಕರೆದು ನಾವು ಸುಲಭವಾಗಿ ನಗುತ್ತೇವೆ. ಕಟ್ಟಳೆಯನ್ನು ದಿನವೂ ಮುರಿಯುವವನಿಗೆ ಅದರಿಂದ ನಷ್ಟವೇನೂ ಇಲ್ಲ. ಅದನ್ನೇ ನೆಚ್ಚಿ ಬಾಳಿದವನು ಇನ್ನೊಬ್ಬರ ಉಸಿರಿಗಾಗಿ ಒಂದೇ ಒಂದು ಸಲ ಮುರಿಯುತ್ತಾನೆ, ಮತ್ತು ಅದಕ್ಕೆ ತನ್ನ ಬಾಳನ್ನೇ ತೆರುತ್ತಾನೆ.