ಅಟ್ಟದ ನಾಲ್ಕು ಸ್ವರ

ಕಂಪ್ಯೂಟರಿನೊಳಗೆ ಏನೋ ಟಿಕ್ ಟಿಕ್ ಅನ್ನುತ್ತಿದೆ, ಕೆಟ್ಟೇಹೋಯಿತು ಎಂದು ತಂಗಿ ತನ್ನ ಮಗಳನ್ನು ಕೂಗಿದಳು. ಅದು ತಾಳದ ಸದ್ದು ಎಂದು ಮಗಳು ನಕ್ಕಳು. ಕೀಬೋರ್ಡಿನಲ್ಲಿ ಒತ್ತಿದ ಪ್ರತಿ ಸ್ವರವೂ ಪರದೆಯ ಮೇಲೆ ಪುಟ್ಟ ಪಟ್ಟಿಯಾಗುತ್ತದೆ, ಸ್ವರ ಏರಿದಷ್ಟೂ ಪಟ್ಟಿ ಮೇಲೆ ಕೂರುತ್ತದೆ, ಬೇಡವಾದರೆ ಅಳಿಸಬಹುದು ಎಂದು ಹೇಳಿಕೊಟ್ಟಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಹೊಸ ವಿದ್ಯೆ. ಅಕ್ಕನ ಪಕ್ಕದಲ್ಲಿ ಇನ್ನು ಜಾಗವಿಲ್ಲ ಎಂದಮೇಲೆ ಕಲಿಯದೆ ವಿಧಿಯಿರಲಿಲ್ಲ.

ಅಕ್ಕತಂಗಿಯರು ಇಪ್ಪತ್ತು ವರ್ಷ ಜೋಡಿಯಾಗಿ ಹಾಡಿದ್ದರು. ಇಬ್ಬರ ದನಿಯೂ ಒಂದೇ ಅಚ್ಚು. ಅಕ್ಕನಿಗೆ ಹೆಸರು ತಂದ ಹಾಡಿನ ಕೊನೆಯಲ್ಲಿ ಬರುವ ನಾಲ್ಕು ಸ್ವರಗಳಿಗೆ ಮನೆಯಲ್ಲಿ ಅಟ್ಟ ಎಂದೇ ಹೆಸರು; ಅಕ್ಕನ ಗಂಟಲು ಅಲ್ಲಿಗೆ ಹತ್ತುತ್ತಿರಲಿಲ್ಲ. ಅವಳು ಬರೀ ಬಾಯಿ ತೆರೆದು ಎಡಕ್ಕೆ ಕಣ್ಣು ಹೊರಳಿಸುತ್ತಿದ್ದಳು, ತಂಗಿ ಹಾಡುತ್ತಿದ್ದಳು, ಚಪ್ಪಾಳೆ ಅಕ್ಕನಿಗೆ ಬೀಳುತ್ತಿತ್ತು. ಈಗ ಒಬ್ಬಳೇ ಹಾಡುತ್ತೇನೆ, ಹಿನ್ನೆಲೆಯ ವಾದ್ಯವೆಲ್ಲ ನೀನು ಕಂಪ್ಯೂಟರಿನಲ್ಲಿ ಮಾಡಿಕೊಡು ಎಂದು ಅಕ್ಕ ಹೇಳಿದ್ದಳು.

"ಅಟ್ಟಕ್ಕೆ ಮಾತ್ರ ಕೊಳಲೋ ಏನೋ ಜೋರಾಗಿ ಹಾಕ್ಬಿಡು ಕಣೆ. ಯಾರಿಗೂ ಗೊತ್ತಾಗಲ್ಲ."

ತಿಂಗಳುಗಟ್ಟಲೆ ಕೂತು ತಂಗಿ ಅದನ್ನೂ ಹಾಕಿದಳು. ಅಭ್ಯಾಸದಲ್ಲಿ ಕೊಳಲು ಏರಿದಾಗ ಅಕ್ಕ ತುಟಿ ಆಡಿಸಿ, ನಿನಗಿಂತ ಇದೇ ವಾಸಿ ಎಂದು ನಕ್ಕಳು. ತಂಗಿ ಅದನ್ನೂ ನುಂಗಿಕೊಂಡಳು. ಆದರೆ ಕಾರ್ಯಕ್ರಮದ ದಿನ ಬೆಳಿಗ್ಗೆ ಬಂದ ಕರಪತ್ರದಲ್ಲಿ, 'ಮೊದಲಿನಿಂದಲೂ ಒಬ್ಬರೇ ಹಾಡುತ್ತ ಬಂದವರು' ಎಂದು ಅಚ್ಚಾಗಿತ್ತು. ಬರೆದುಕೊಟ್ಟವಳು ಅಕ್ಕನೇ. ತಂಗಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಒರೆಸಿಹಾಕಲು ಅವಳಿಗೆ ಒಂದು ಸಾಲು ಸಾಕಾಗಿತ್ತು, ತನಗೆ ಒಂದು ಬೆರಳು ಸಾಕು. ಪರದೆಯ ಮೇಲ್ತುದಿಯಲ್ಲಿದ್ದ ಕೊಳಲಿನ ನಾಲ್ಕು ಪಟ್ಟಿಗಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಳು. ಮಾಡಿದ್ದುಣ್ಣಲಿ ಮಹಾರಾಯ್ತಿ ಎಂದುಕೊಂಡು ಹೊಸ ಪ್ರತಿಯನ್ನು ಸಭಾಂಗಣಕ್ಕೆ ಕಳಿಸಿದಳು.

"ಅಮ್ಮಾ, ದೊಡ್ಡಮ್ಮಂಗೆ ಹೇಳಿದ್ಯಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ಹಾಡೋಳು ಅವಳು ತಾನೇ. ಹಾಡ್ಲಿ."

ಸಂಜೆ ತಂಗಿ ಐದನೆಯ ಸಾಲಿನಲ್ಲಿ ಕೂತಳು. ಹಾಡು ಕೊನೆಗೆ ಬಂತು. ವಾದ್ಯಗಳು ತಾಳ ತಪ್ಪದೆ ನಡೆದವು, ಕೊಳಲು ಬರಲಿಲ್ಲ. ಗಾಬರಿಯಲ್ಲಿ ಅಕ್ಕ ತಾನೇ ಹತ್ತಲು ಹೋದಳು; ಮೊದಲ ಸ್ವರದಲ್ಲೇ ಗಂಟಲು ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಹಳೆಯ ಅಭ್ಯಾಸದಂತೆ ಎಡಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಆ ನಾಲ್ಕು ಸ್ವರಗಳು ತಾವಾಗಿಯೇ ತಂಗಿಯ ಗಂಟಲಿಗೆ ಬಂದು ನಿಂತಿದ್ದವು. ಅವಳು ತುಟಿ ಬಿಗಿದುಕೊಂಡು, ಕೈಯಲ್ಲಿದ್ದ ಕರಪತ್ರವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಿಸುತ್ತ ಕೂತಳು.