ಗುಡ್ಡದಾಚೆಗೆ ಅಪ್ಪನ ಬೈಕು

ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಸಡಿಲವಾಗುತ್ತಿದ್ದಂತೆ ಹಳೆಯ ಪೆಟ್ರೋಲು ಮಮತಾಳ ಅಂಗೈಗೆ ಇಳಿದು ಮೊಣಕೈವರೆಗೆ ಹರಿಯಿತು. ಬಣ್ಣ ಕೆಟ್ಟಿತ್ತು, ವಾಸನೆಯೂ ಕೆಟ್ಟಿತ್ತು. ಅಪ್ಪ ದಾವಣಗೆರೆಯ ಆಸ್ಪತ್ರೆ ಸೇರಿದಾಗಿನಿಂದ ಬೈಕು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು.

ಅಂಗಳದ ಆಚೆ ಜಗಲಿಯ ಮೇಲೆ ಅಪ್ಪ ಬೀರಲಿಂಗಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯಲ್ಲಿ ಭಂಡಾರ, ಕೊರಳಲ್ಲಿ ಚೆಂಡುಹೂವಿನ ಹಾರ. ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಬಂದವರು ಜಗಲಿಯ ಕಡೆ ಒಮ್ಮೆ, ಕೊಟ್ಟಿಗೆಯ ಕಡೆ ಒಮ್ಮೆ ನೋಡುತ್ತಿದ್ದರು.

"ಏನವ್ವ ಇದು? ಹೆಣ ಜಗಲಿ ಮ್ಯಾಲೆ ಐತೆ, ನೀನು ಸ್ಪ್ಯಾನರ್ ಹಿಡ್ಕಂಡು ಕೂತೀಯಲ್ಲ," ಎಂದ ಕಲ್ಲೇಶಪ್ಪ. ಮನೆತನದ ಹಿರಿಯ. ಹೊತ್ತು ಮುಳುಗುವುದರೊಳಗೆ ಮಣ್ಣು ಆಗಬೇಕು ಎಂದು ಬೆಳಗಿನಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

"ಚಿಕ್ಕಪ್ಪನ್ನ ಕರ್ಕಂಡು ಬರಾಕೆ ಹೊಂಟೀನಿ, ದೊಡ್ಡಪ್ಪ."

"ಹಾಲೇಶ ಎಲ್ಲದಾನೋ ಯಾರಿಗೆ ಗೊತ್ತು? ಫೋನ್ ಹತ್ತಂಗಿಲ್ಲ."

"ಕರೆಕಲ್ಲು ಗುಡ್ಡದ ಹಿಂದೆ ಅದಾನೆ. ಅವನ ಜೊತೆ ಕುರಿ ಕಾಯೋ ಸಿದ್ದೇಶ ಮೊನ್ನೆ ಜಗಳೂರಿಗೆ ಹೋಗೋವಾಗ ಹೇಳಿ ಹೋಗ್ಯಾನೆ."

"ಅಲ್ಲಿಗೆ ನಡಕಂಡು ಹೋಗೋದ್ರಾಗೇ ಹೊತ್ತು ಮುಳುಗ್ತೈತೆ."

"ಅದಕ್ಕೇ ಇದನ್ನ ಬಿಚ್ಚಿರೋದು."

ಸೋದರತ್ತೆಯ ಮಗ ಕೊಟ್ರೇಶ್ ಆಗಲೇ ಒಂದು ಪ್ರಯತ್ನ ಮಾಡಿ ಬಂದಿದ್ದ. ಹಳ್ಳ ದಾಟುವಷ್ಟರಲ್ಲಿ ಅವನ ಸ್ಕೂಟರಿನ ಎರಡೂ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿತ್ತು. ತಳ್ಳಿಕೊಂಡು ಬಂದವನ ಅಂಗಿ ಮೈಗೆ ಅಂಟಿತ್ತು.

"ದಾರಿನೇ ಅಲ್ಲ ಅದು. ಕುರಿ ಜಾಡು," ಎಂದ ಅವನು.

"ಅಪ್ಪ ಹೋಗ್ತಿದ್ದ."

"ನಿಮ್ಮಪ್ಪನೂ ಅರ್ಧ ಕುರಿನೇ ಬಿಡು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಮತಾಳಿಗೆ ನಗು ಬಂದುಬಿಟ್ಟಿತು. ಜಗಲಿಯ ಹೆಂಗಸರು ತಿರುಗಿ ನೋಡಿದರು.

ಅಷ್ಟರಲ್ಲಿ ಒಳಗಿನಿಂದ ಯಾರೋ ಚಟ್ಟದ ಮಾತೆತ್ತಿದರು. ಗಂಡನ ಪಕ್ಕದಿಂದ ಮಮತಾಳ ಅವ್ವ ಕರಿಬಸಮ್ಮ ಎದ್ದು ನಿಂತಳು.

"ಹಾಲೇಶ ಬರೋತನಕ ಎತ್ತಂಗಿಲ್ಲ."

"ಹಂಗಂದ್ರೆ ಹೆಂಗೆ ತಂಗಿ? ಬಿಸಿಲು ನೋಡು," ಎಂದ ಕಲ್ಲೇಶಪ್ಪ.

"ನೋಡೀನಿ. ಎತ್ತೋದಾದ್ರೆ ನನ್ನೂ ಕೂಡಿಸಿ ಎತ್ರಿ."

ಕಲ್ಲೇಶಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹೊತ್ತು ಗುಡ್ಡದ ತಲೆಗೆ ಬರೋತನಕ ಕಾಯ್ತೀವಿ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

*

ಅಣ್ಣತಮ್ಮಂದಿರ ಬದುಕನ್ನು ಹಂಚಿದವಳು ಅವರ ಅವ್ವ. ಒಬ್ಬನಿಗೆ ನೌಕರಿ, ಒಬ್ಬನಿಗೆ ಕುರಿ. ಬೀರಲಿಂಗಪ್ಪ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆದ. ಹಾಲೇಶಪ್ಪ ಹಿಂಡಿನ ಹಿಂದೆ ಹೋದ. ಮದುವೆ, ಹಬ್ಬ, ನಾಮಕರಣ ಎಲ್ಲಕ್ಕೂ ಅಣ್ಣ ಮನೆಯಲ್ಲಿರುತ್ತಿದ್ದ, ತಮ್ಮ ಕುರಿಯ ಜೊತೆಗಿರುತ್ತಿದ್ದ.

ಅವ್ವ ತೀರಿಕೊಂಡ ದಿನವೂ ಹಾಗೆಯೇ ಆಯಿತು. ಬೀರಲಿಂಗಪ್ಪ ಸೈಕಲ್ ತುಳಿದು, ಅದು ಕೈಕೊಟ್ಟ ಮೇಲೆ ನಡೆದು, ಗುಡ್ಡದಿಂದ ಗುಡ್ಡಕ್ಕೆ ತಮ್ಮನ ಹೆಸರು ಕೂಗುತ್ತ ತಿರುಗಿದ್ದ. ಸಿಗಲಿಲ್ಲ. ಹಾಲೇಶಪ್ಪ ಊರಿಗೆ ಬಂದಾಗ ಗುಣಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅವನು ಯಾರನ್ನೂ ಏನೂ ಕೇಳಲಿಲ್ಲ. ಅಂಗಳದಲ್ಲಿ ಕೂತು ಮುದ್ದೆ ಉಂಡ, ಕೈ ತೊಳೆದ, ಎದ್ದು ಹೋದ. ತಮ್ಮ ಬೈದಿದ್ದರೆ ಚೆನ್ನಾಗಿತ್ತು ಎಂದು ಬೀರಲಿಂಗಪ್ಪ ಹೆಂಡತಿಯ ಹತ್ತಿರ ಎಷ್ಟೋ ಸಲ ಹೇಳಿದ್ದ.

ಮರುವರ್ಷ ಅವನು ಹಳೆಯ ಬೈಕೊಂದನ್ನು ತಂದ. ಲಸಿಕೆ ಹಾಕಲು ಹಟ್ಟಿಗಳಿಗೆ ಹೋಗುವುದಕ್ಕೆ ಎಂದು ಊರಿಗೆ ಹೇಳಿದ. ಮುಂದಿನ ಮಡ್‌ಗಾರ್ಡನ್ನು ಮೇಲಕ್ಕೆತ್ತಿಸಿ ಕಟ್ಟಿಸಿದ, ಎಂಜಿನ್ನಿನ ಹೊಟ್ಟೆಗೆ ದಪ್ಪ ತಗಡು ಹಾಕಿಸಿದ, ಗಂಟುಗಂಟಿನ ಬಟನ್ ಟಯರ್ ತೊಡಿಸಿ, ಮುಳ್ಳು ಇಳಿಯದಂತೆ ಅದಕ್ಕೂ ಟ್ಯೂಬಿಗೂ ನಡುವೆ ಹಳೆಯ ಟ್ಯೂಬು ಸೀಳಿ ಹಾಸಿದ. ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಗಾಲಿ ಹಾಕಿಸಿದ ಮೇಲೆ ಬೈಕು ಟಾರ್ ರಸ್ತೆಯಲ್ಲಿ ಎಮ್ಮೆಯಾಯಿತು, ಕಲ್ಲುಜಾಡಿನಲ್ಲಿ ಮೇಕೆಯಾಯಿತು. ಊರವರು ಅದನ್ನು ಹೋತ ಎಂದೇ ಕರೆದರು.

ಒಣಗಿದ ಕೆರೆಯಂಗಳದಲ್ಲಿ ಮಗಳಿಗೂ ತಮ್ಮನಿಗೂ ಒಟ್ಟಿಗೇ ಕಲಿಸಿದ. ಮಮತಾ ಆಗ ಪಿಯುಸಿ ಓದುತ್ತಿದ್ದಳು. ನಿಂತು ಓಡಿಸಬೇಕು, ಮೊಣಕಾಲು ಮಡಿಸಿರಬೇಕು, ಹ್ಯಾಂಡಲ್ ಹಿಸುಕಬಾರದು.

"ಬೆನ್ನಿಗೆ ಲಸಿಕೆ ಸೀಸೆ ಕಟ್ಟೀನಿ ಅಂತ ತಿಳ್ಕಾ. ಒಂದೂ ಒಡೀಬಾರ್ದು," ಎನ್ನುತ್ತಿದ್ದ.

ಹಾಲೇಶಪ್ಪ ಮಾತ್ರ ಕುರಿ ಅಟ್ಟುವವನಂತೆ ಹೋ ಎಂದು ಕೂಗಿ ಬಿಡುತ್ತಿದ್ದ, ಬೀಳುತ್ತಿದ್ದ, ನಗುತ್ತಿದ್ದ. "ಏ, ಇದಕ್ಕೆ ಕಿವಿ ಇಲ್ಲ ಕಣೋ, ಕೂಗಬ್ಯಾಡ," ಎಂದು ಅಣ್ಣ ಬೈಯುತ್ತಿದ್ದ.

*

ಏರ್ ಫಿಲ್ಟರಿನ ಸ್ಪಂಜು ಒಣಗಿ ಧೂಳು ಕುಡಿದಿತ್ತು. ಮಮತಾ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಿಂಡಿದರೆ ಹರಿಯುತ್ತದೆಂದು ಅಂಗೈಗಳ ನಡುವೆ ಒತ್ತಿದಳು. ನೆರಳಲ್ಲಿ ಆರಿದ ಮೇಲೆ ಎಂಜಿನ್ ಆಯಿಲ್ ಸವರಿದಳು. ಆರುವ ತನಕ ಸುಮ್ಮನೆ ಕೂರಲಾಗದೆ ಚೈನಿಗೆ ಎಣ್ಣೆ ಬಿಟ್ಟಳು, ಪ್ಲಗ್ ಉಜ್ಜಿದಳು, ಎದ್ದು ಹೋಗಿ ಹೊತ್ತು ನೋಡಿದಳು, ಮತ್ತೆ ಕೂತಳು.

ಕೊಟ್ರೇಶ್ ತನ್ನ ಸ್ಕೂಟರಿನಿಂದ ಪೆಟ್ರೋಲು ಇಳಿಸಿ ತಂದ. ಸಹಾಯಕ್ಕೆಂದು ಬ್ರೇಕಿನ ಹಿಡಿಯನ್ನೂ ಬಿಗಿ ಮಾಡಿದ.

"ಅದನ್ನ ಸಡ್ಲ ಮಾಡು ಮಾರಾಯ. ಬಿದ್ರೆ ತಿರುಗಬೇಕು ಅದು. ಬಿಗಿ ಇದ್ರೆ ಮುರೀತೈತೆ."

"ಬೀಳೋದು ಖಾತ್ರಿ ಮಾಡ್ಕಂಡೇ ಹೊಂಟೀಯೇನು?"

"ಬೈಕಿನ ಮ್ಯಾಲೆ ಕೂರು. ಚೈನ್ ಎಷ್ಟು ಜೋಲ್ತೈತೆ ನೋಡ್ಬೇಕು."

ಅವನು ಕೂತ. ಅವಳು ಚೈನನ್ನು ಬೆರಳಿಂದ ಎತ್ತಿ ಇಳಿಸಿ ನೋಡಿದಳು, ಟಯರಿನ ಗಾಳಿ ಸ್ವಲ್ಪ ಬಿಟ್ಟು ಹೆಬ್ಬೆರಳಲ್ಲಿ ಒತ್ತಿದಳು. ಕಲ್ಲು ಬಂದಾಗ ಟಯರು ತಗ್ಗಬೇಕು, ಆದರೆ ರಿಮ್ಮು ಕಲ್ಲಿಗೆ ಬಡಿಯಬಾರದು.

ಬಹಳ ಹೊತ್ತು ಕಿಕ್ ಹೊಡೆದ ಮೇಲೆ ಬೈಕು ಒಮ್ಮೆ ಕೆಮ್ಮಿತು. ಮತ್ತೆ ಹೊಡೆದಳು. ಕೊಟ್ಟಿಗೆ ಹೊಗೆಯಿಂದ ತುಂಬಿ, ಸದ್ದು ಅಂಗಳಕ್ಕೆ ನುಗ್ಗಿತು. ಜಗಲಿಯ ಮೇಲೆ ಕರಿಬಸಮ್ಮ ತಟ್ಟನೆ ತಲೆಯೆತ್ತಿ, ಪಕ್ಕದಲ್ಲಿ ಕೂತ ಗಂಡನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

*

ಹಳ್ಳದ ಮರಳಲ್ಲಿ ಮುಂದಿನ ಚಕ್ರ ಹೂತು ಮಮತಾ ಒಮ್ಮೆ ಬಿದ್ದಳು. ಬ್ರೇಕಿನ ಹಿಡಿ ತಿರುಗಿತು, ಮುರಿಯಲಿಲ್ಲ. ನೇರ ಮಾಡಿ, ಬೈಕು ಎತ್ತಿ ಹೊರಟಳು. ಬೇಗ ಹೋಗಬೇಕೆಂಬ ಆತುರ ಬಲಗೈಗೆ ಇಳಿಯುತ್ತಿತ್ತು. ಆತುರ ಮಾಡಿದಲ್ಲೆಲ್ಲ ಬೈಕು ಅಡ್ಡ ಸರಿಯುತ್ತಿತ್ತು. ಹೊತ್ತು ನೆತ್ತಿ ದಾಟಿ ಆಗಿತ್ತು. ಎರಡನೇ ಗೇರಿನಲ್ಲೇ, ನಿಂತುಕೊಂಡೇ, ಕಲ್ಲಿನಿಂದ ಕಲ್ಲಿಗೆ ಗುಡ್ಡ ಹತ್ತಿ ಇಳಿದಳು.

ಆಚೆ ಬದಿ ಕಾಣುತ್ತಿದ್ದಂತೆ ಹಿಂಡೂ ಕಂಡಿತು. ಮರುಗಳಿಗೆ ಕುರಿಗಳೆಲ್ಲ ಚದುರಿ ಪೊದೆಗಳ ಕಡೆ ಓಡಿದವು. ಎಂಜಿನ್ ನಿಲ್ಲಿಸಿ ಉಳಿದಷ್ಟು ದೂರ ಹಾಗೆಯೇ ಇಳಿದಳು.

ಹುಣಸೆಮರದ ಕೆಳಗೆ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿತ್ತು. ಚಿಕ್ಕಪ್ಪ ಹಾಲೇಶಪ್ಪ ಅವಳಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಉರಿ ಊದುತ್ತಿದ್ದ.

"ಬಾರೋ ಅಣ್ಣ, ಬಾ," ಎಂದ ತಿರುಗದೆಯೇ. "ಗುಡ್ಡದ ತಲೆ ಮ್ಯಾಲಿದ್ದಾಗ್ಲೇ ಸದ್ದು ಕೇಳ್ತು. ಕೇಳಿದೇಟಿಗೆ ಚಾ ಇಟ್ಟೆ. ನಿನ್ನ ಸೂಜಿಗೆ ಅಂಜಿ ಓಡ್ಯಾವೆ ನೋಡು ಕುರಿ, ಒಂದಾರ ನಿಲ್ತಾ? ಆರಾಮ ಆತಲ್ಲ? ನಂಗೊತ್ತಿತ್ತು. ಆ ಡಾಕ್ಟ್ರಗಳಿಗೆ ಏನು ತಿಳಿತೈತೆ..."

ಮಮತಾ ಬೈಕಿನ ಪಕ್ಕದಲ್ಲಿ ನಿಂತೇ ಇದ್ದಳು. ಹೊನ್ನಾಳಿಯ ಲ್ಯಾಬಿನಲ್ಲಿ ದಿನವೂ ಎಷ್ಟೋ ಜನರ ಕೈಗೆ ಕೆಟ್ಟ ವರದಿ ಕೊಡುವವಳು ಅವಳು. ದಾರಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡಿದ್ದಳು. ತನಗಿಂತ ಮುಂಚೆ ಸದ್ದು ಬಂದು ಮುಟ್ಟುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

"ಯಾಕೋ ಸುಮ್ಕಾದಿ?" ಎಂದು ಹಾಲೇಶಪ್ಪ ತಿರುಗಿದ. ಅವಳನ್ನು ನೋಡಿದ. ಅವಳ ಹಿಂದೆ ಯಾರಾದರೂ ಇಳಿದು ಬರುತ್ತಿದ್ದಾರೆಯೇ ಎಂದು ಜಾಡಿನ ಕಡೆ ನೋಡಿದ. ಮತ್ತೆ ಅವಳನ್ನು ನೋಡಿದ.

"ಯಾವಾಗ?"

"ಬೆಳಗಿನ ಜಾವ."

ಅವನು ಕುದಿಯುತ್ತಿದ್ದ ಪಾತ್ರೆಯನ್ನು ಟವೆಲಿನಿಂದ ಹಿಡಿದು ಕೆಳಗಿಟ್ಟ. ಸೌದೆಯನ್ನು ಒಲೆಯಿಂದ ಹೊರಗೆಳೆದ.

"ಎತ್ತಿಲ್ಲ ಇನ್ನೂ?"

"ನೀನು ಬರಲಿ ಅಂತ ಅವ್ವ ಬಿಟ್ಟಿಲ್ಲ. ಹೊತ್ತು ಗುಡ್ಡದ ತಲೆಗೆ ಬಂದ್ರೆ ಕಾಯಂಗಿಲ್ಲ ಅಂದಾನೆ ದೊಡ್ಡಪ್ಪ. ನಡಿ ಚಿಕ್ಕಪ್ಪ."

ಹಾಲೇಶಪ್ಪ ಪೊದೆಗಳ ಕಡೆ ನೋಡಿದ.

"ಸಿದ್ದೇಶ ಇಲ್ಲ. ಸಂಜಿ ಕತ್ತಲಿಗೆ ಬರ್ತಾನೆ. ಮೊನ್ನೆ ತೋಳ ಬಂದು ಮರಿ ಒಯ್ತು. ಬಿಟ್ಟು ಹೋದ್ರೆ ಇವು ಉಳಿಯಂಗಿಲ್ಲ." ಅವಳ ಕಡೆ ತಿರುಗಿದ. "ನೀನು ಹೋಗು ತಾಯಿ. ಮಗಳು ನೀನು, ಇರ್ಬೇಕು. ನಾನು ತಿಥಿ ದಿನದ ಹೊತ್ತಿಗೆ ಬರ್ತೀನಿ. ನಂಗೆ ರೂಢಿ ಐತೆ."

ಅವನು ಅದನ್ನು ಮುನಿಸಿನಿಂದ ಹೇಳಲಿಲ್ಲ. ಮಮತಾ ಬೈಕಿನಿಂದ ಕೀಲಿ ಕಿತ್ತು ಅವನ ಕೈಗಿಟ್ಟಳು.

"ಕುರಿ ನಾನು ನೋಡ್ತೀನಿ."

"ನಿಂಗೆ ಬರಂಗಿಲ್ಲ."

"ನಿಂಗೂ ಬೈಕ್ ಅಷ್ಟಕ್ಕಷ್ಟೇ."

"ಮಗಳೇ ಇರ್ಲಿಲ್ಲ ಅಂತಾರೆ ಜನ."

"ಅನ್ಲಿ. ಆಸ್ಪತ್ರ್ಯಾಗೆ ನಾನಿದ್ದೆ. ಕಡೀಗೆ ಬಾಯಿಗೆ ನೀರು ಬಿಟ್ಟಾಕಿ ನಾನು. ನಿಂಗೇನು ಸಿಕ್ತು?"

ಅವನು ಕೀಲಿಯನ್ನೇ ನೋಡುತ್ತ ನಿಂತ. ಆಮೇಲೆ ಹೆಗಲ ಕಂಬಳಿ ತೆಗೆದು ಅವಳ ತಲೆಯ ಮೇಲೆ ಹಾಕಿದ. "ಇದು ಮೈಮ್ಯಾಲಿದ್ರೆ ನನ್ನ ವಾಸನಿ ಬರ್ತೈತೆ ಅವಕ್ಕೆ. ಮುಂದೆ ನಿಂತು ಕೂಗಬ್ಯಾಡ. ಹಿಂದಿಂದ ನಡಿ."

"ಎರಡನೇ ಗೇರ್ ಬಿಟ್ಟು ಮ್ಯಾಲೆ ಹೋಗಬ್ಯಾಡ. ಮರಳು ಬಂದಾಗ ಬ್ರೇಕ್ ಮುಟ್ಟಬ್ಯಾಡ. ಕೂರಬ್ಯಾಡ, ನಿಂತ್ಕಂಡೇ ಹೋಗು."

"ಅವನಂಗೇ ಮಾತಾಡ್ತಿ," ಎಂದ ಹಾಲೇಶಪ್ಪ. ಮುಖ ತಿರುಗಿಸಿಕೊಂಡು ಕಿಕ್ ಹೊಡೆದ. ಕೂಗಲಿಲ್ಲ, ಎಂಜಿನ್ ರೇಗಿಸಲಿಲ್ಲ. ಮೊಣಕಾಲು ಮಡಿಸಿ ನಿಂತು, ಮೆಲ್ಲಗೆ ಗುಡ್ಡ ಹತ್ತಿದ.

ಸದ್ದು ತಿರುವಿನಲ್ಲಿ ಮಾಯವಾಗಿ, ಮತ್ತೊಮ್ಮೆ ಕೇಳಿಸಿ, ಆಮೇಲೆ ಕೇಳಿಸಲಿಲ್ಲ. ದಾಟಿದನೋ ಬಿದ್ದನೋ ತಿಳಿಯುವಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೊದೆಗಳಿಂದ ಕುರಿಗಳು ಒಂದೊಂದಾಗಿ ಹೊರಬಂದವು. ಕಂಬಳಿಯನ್ನು ಮೂಸಿದವು. ಮಮತಾ ಅಪ್ಪನಿಗೆಂದು ಕಾಸಿದ ಚಹಾವನ್ನು ಲೋಟಕ್ಕೆ ಬಗ್ಗಿಸಿಕೊಂಡು ಕಲ್ಲಿನ ಮೇಲೆ ಕೂತಳು. ಬಾಯಿಗೆ ಇಡುವಷ್ಟರಲ್ಲಿ ಮುಂದಿನ ಕುರಿ ಕೆಳಗಿನ ಬಯಲಿನ ಕಡೆ ಹೊರಟಿತು. ಹಿಂಡೆಲ್ಲ ಅದರ ಹಿಂದೆ ಸರಿಯಿತು. ಊರು ಇದ್ದದ್ದು ಇನ್ನೊಂದು ದಿಕ್ಕಿಗೆ.

ಲೋಟ ಕೆಳಗಿಟ್ಟು ಚಿಕ್ಕಪ್ಪ ಬಿಟ್ಟುಹೋದ ಕೋಲು ಹಿಡಿದು ಎದ್ದಳು. ಗುಡ್ಡದ ಕಡೆ ತಿರುಗಿ ಹೊತ್ತು ನೋಡಿದಳು. ನೋಡಿ ಮುಗಿಸುವಷ್ಟರಲ್ಲಿ ಹಿಂಡು ಇನ್ನಷ್ಟು ದೂರ ಹೋಗಿತ್ತು, ಕುಂಟುವ ಮರಿಯೊಂದು ಹಿಂದೆ ಉಳಿದು ಅರಚುತ್ತಿತ್ತು. ಬಗ್ಗಿ ಅದನ್ನು ಎತ್ತಿದಳು. ಹೆಗಲ ಮೇಲೆ ಹಾಕಿಕೊಂಡು, ಮುಂಗಾಲು ಹಿಂಗಾಲು ಎದೆಯ ಮುಂದೆ ಕೂಡಿಸಿ ಹಿಡಿದು, ಧೂಳಿನ ಹಿಂದೆ ನಡೆದಳು. ಮರಿಯ ಎದೆ ಅವಳ ಕಿವಿಗೆ ತಾಗಿ ಬಡಿದುಕೊಳ್ಳುತ್ತಿತ್ತು.